ಟವೆಲ್ಲಿನ ಕೆಳಗೆ ಮೂರು ಬೆರಳು

ಕಿವಿಗೆ ಹೊಸ ಮಷಿನ್ ಹಾಕಿಸಿಕೊಂಡು ಕೂತಿದ್ದ ಬಸಪ್ಪ ಕಾಕಾನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು, ಚೇಷ್ಟೆಗೆಂದು ಮೂರು ಬೆರಳು ಒತ್ತಿದೆ. ದನದ ಸಂತೆಯಲ್ಲಿ ನಾವು ದಲಾಲರು ಬಾಯಿ ಬಿಡದೆ ದರ ಹೇಳುವುದು ಹೀಗೆಯೇ. ನನಗೆ ಇದನ್ನು ಕಲಿಸಿದವರೇ ಕಾಕಾ.

ಅವರು ನನ್ನ ಮುಖ ನೋಡಿದರು. "ಈಗ ಛಲೋ ಕೇಳಸ್ತೈತಪಾ ತಮ್ಮಾ. ಆದ್ರ ನನ್ನ ಬೆರಳ ಯಾಕ ಹಿಚುಕಾಕತ್ತೀಯೋ?"

ನನಗೆ ಕಲಿಸಿದ ಬೆರಳಿನ ಲೆಕ್ಕವನ್ನೇ ಅವರು ಮರೆತಿದ್ದರು. ಅವರ ಕಿವಿ ಮಂದವಾಗಿ ಐದು ವರ್ಷವಾಗಿತ್ತು. ಡಾಕ್ಟರಿಗೆ ತೋರಿಸು ಎಂದು ಅವರ ಹೆಂಡತಿ ಕಾಕು ಅಂದಾಗಲೆಲ್ಲ, "ಕಾಕಾಗ ಕೈಯಾಗ ಎಲ್ಲಾ ಕೇಳಸ್ತೈತಿ, ಕಿವಿ ಯಾಕ ಬೇಕು ಬಿಡ್ರಿ" ಎಂದು ನಗಿಸಿ ಸಾಗಹಾಕುತ್ತಿದ್ದೆ. ಆಗಿನ್ನೂ ಸಂತೆಯಲ್ಲಿ ಅವರ ಬೆರಳು ತಪ್ಪುತ್ತಿರಲಿಲ್ಲವಲ್ಲ! ಚಹಾದಂಗಡಿಯ ಹರಟೆಯನ್ನೂ ಮನೆಯ ಮಾತುಕತೆಯನ್ನೂ ಅವರು ಬಿಟ್ಟಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮಾತು ಕೇಳಿಸದೆ ಒಂಟಿಯಾದವರಿಗೆ ಮರೆವು ಹೆಚ್ಚಬಹುದು, ಮೊದಲೇ ಬಂದಿದ್ದರೆ ಒಳ್ಳೆಯದಿತ್ತು ಎಂದರು ಮಷಿನ್ ಹಾಕಿದ ಡಾಕ್ಟರು.

ನಿಮ್ಮ ಮನೆಯ ಹಿರಿಯರು ಒಂದೇ ಮಾತನ್ನು ಎರಡು ಸಲ ಕೇಳತೊಡಗಿದರೆ ಆ ವಾರವೇ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಚೌಕಾಸಿ ಮಷಿನ್ನಿನ ದರಕ್ಕಿರಲಿ, ದಿನಗಳಿಗೆ ಬೇಡ. ನಾನು ಈಗ ದಿನಾ ಕಮರಿಪೇಟೆಯ ಅವರ ಮನೆಗೆ ಹೋಗಿ ಕಾಕಾನ ಕೈ ಹಿಡಿದು, ಇದು ಮೂರು ಎಂದು ಹೇಳಿಕೊಡುತ್ತೇನೆ.