ಇಗರ್ಜಿಗಳ ದಾರಿ

ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ. ಸ್ವೀಡನ್ನಿನ ಕಾರ್ಲ್‌ಸ್ಟಾಡಿನ ನಮ್ಮ ಕಟ್ಟಡದ ಮೂರನೆಯ ಮಹಡಿಯ ಮನೆಯಲ್ಲಿ ಇದ್ದವರು ನಾನು ಮತ್ತು ಮೇಲಿನ ಮನೆಯ ಅಕ್ಕ, ಇಬ್ಬರೇ. ಅಕ್ಕ ಒಂದು ಕಾರ್ಡನ್ನು ಮೂಗಿನ ಹತ್ತಿರ ಹಿಡಿದು, ಕೋಳಿ ಕಾಳನ್ನು ನೋಡುವ ಹಾಗೆ ತಲೆ ವಾರೆ ಮಾಡಿದ್ದರು. ಕಣ್ಣಿನ ನಡುಭಾಗ ಕೆಟ್ಟು, ಅಂಚಿನಿಂದ ಮಾತ್ರ ನೋಡಬಲ್ಲವರಾಗಿದ್ದರು.

ಮಂಗಳೂರು ಕಡೆಯವರು. ಮದುವೆಯಾಗಿ ಸ್ವೀಡನ್ನಿಗೆ ಬಂದು, ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ಏಳುನೂರು ವರ್ಷಗಳ ಹಿಂದೆ ಪೋಪನ ಕಡೆಯವರು ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಆದಾಯಕ್ಕೆ ಬೆಲೆ ಕಟ್ಟಿ ಹತ್ತರಲ್ಲೊಂದು ಪಾಲು ತೆರಿಗೆ ಎತ್ತಿದ್ದರಂತೆ. ಯಾವ ಚರ್ಚಿಗೆ ಎಷ್ಟು ತೆರಿಗೆ, ಅಲ್ಲಿಗೆ ಪಾದ್ರಿಯನ್ನು ಆರಿಸುವ ಹಕ್ಕು ಊರ ಜಮೀನ್ದಾರನದೋ ಸನ್ಯಾಸಿಗಳ ಮಠದ್ದೋ ಎಂಬುದು ಅಕ್ಕನ ಅಧ್ಯಯನ. "ಕೊಟ್ಟವರು ಯಾರು, ಯಜಮಾನಿಕೆ ಮಾಡಿದವರು ಯಾರು, ಇದೆರಡು ಗೊತ್ತಾದ್ರೆ ಊರೇ ಗೊತ್ತಾದ ಹಾಗೆ" ಎನ್ನುತ್ತಿದ್ದರು. ಚರ್ಚನ್ನು ಅವರು ಯಾವಾಗಲೂ ಇಗರ್ಜಿ ಎಂದೇ ಕರೆಯುತ್ತಿದ್ದರು. ಹತ್ತೂವರೆಯ ಫೀಕಾಗೆ, ಅಂದರೆ ಇಲ್ಲಿನ ಕಾಫಿ ವಿರಾಮಕ್ಕೆ, ಎಲ್ಲರೂ ಏಲಕ್ಕಿ ಬನ್ನು ತಿಂದರೆ ಇವರು ರೈ ಧಾನ್ಯದ ಗಟ್ಟಿ ರೊಟ್ಟಿಗೆ ಮಾವಿನ ಉಪ್ಪಿನಕಾಯಿ ಸವರುತ್ತಿದ್ದರು. ನಾನು ಗಡಿಯಾರ ನೋಡಿದರೆ, "ಅವಸರ ಎಂತಕ್ಕೆ? ಇವರೆಲ್ಲ ಸತ್ತು ಎಷ್ಟೋ ಕಾಲ ಆಯ್ತು, ಕಾಯ್ತಾರೆ."

ಅಕ್ಕನ ಕಣ್ಣು ಮಾತ್ರ ಕಾಯುವಂತಿರಲಿಲ್ಲ. ಉಳಿದ ದೃಷ್ಟಿ ಬೇಸಿಗೆಯವರೆಗೆ ಬಂದರೆ ಹೆಚ್ಚು ಎಂದಿದ್ದರು ವೈದ್ಯರು. ಅಷ್ಟರೊಳಗೆ ಪುಸ್ತಕ ಮುಗಿಯಬೇಕಿತ್ತು.

ಅದನ್ನು ಹಾಳು ಮಾಡುವುದರಲ್ಲಿದ್ದವಳು ನಾನೇ. ಜನವರಿಯಲ್ಲಿ ಅವರು ಕಣ್ಣಿನ ಚಿಕಿತ್ಸೆಗೆ ಎರಡು ದಿನ ಆಸ್ಪತ್ರೆ ಸೇರಿದಾಗ, ಗಿಡಗಳಿಗೆ ನೀರು ಹಾಕಲೆಂದು ಕೀಲಿ ನನ್ನ ಕೈಗೆ ಬಂತು. ಮೇಜಿನ ಮೇಲೆ ಆರು ಮರದ ಪೆಟ್ಟಿಗೆ, ಚರ್ಚಿಗೊಂದರಂತೆ ನಾನೂರು ಚಿಲ್ಲರೆ ಕಾರ್ಡು, ಎಲ್ಲ ಅಡ್ಡಾದಿಡ್ಡಿ. ಮೂವತ್ತೆರಡು ವರ್ಷ ಮೈಸೂರಿನಲ್ಲಿ ಕಾಲೇಜು ಲೈಬ್ರರಿ ನೋಡಿಕೊಂಡವಳು ನಾನು. ಮೊಮ್ಮಗಳನ್ನು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಬಿಟ್ಟು ಬಂದು, ಎರಡೂ ದಿನ ಕೂತು ಎಲ್ಲವನ್ನೂ ಅಕ್ಷರಮಾಲೆಯ ಪ್ರಕಾರ ಜೋಡಿಸಿದೆ.

ಅಕ್ಕ ಮನೆಗೆ ಬಂದು ಮೊದಲ ಪೆಟ್ಟಿಗೆಗೆ ಕೈ ಹಾಕಿದರು. ನಾಲ್ಕು ಕಾರ್ಡು ತೆಗೆದರು, ಇಟ್ಟರು.

"ಎಂತ ಮಾಡಿದ್ರಿ ಮಾರಾಯ್ರೆ?"

"ಎ ಇಂದ ಝೆಡ್‌ವರೆಗೆ ಇಟ್ಟಿದೀನಿ ಅಕ್ಕ. ಇನ್ನು ಹುಡುಕೋದು ಸುಲಭ."

"ಅದು ದಾರಿ ಆಗಿತ್ತು" ಎಂದರು.

ಬೆಲೆ ಕಟ್ಟಿದವರು ಊರಿಂದೂರಿಗೆ ಹೋದ ದಾರಿಯನ್ನು, ಬೇರೆ ಬೇರೆ ಕಡೆ ಉಳಿದ ಹರಕು ಪಟ್ಟಿಗಳನ್ನು ಓದಿ, ಹನ್ನೊಂದು ವರ್ಷದಲ್ಲಿ ಅಕ್ಕ ಕಟ್ಟಿದ್ದರು. ಆ ಕ್ರಮ ಪೆಟ್ಟಿಗೆಯಲ್ಲಿ ಬಿಟ್ಟು ಇನ್ನೆಲ್ಲೂ ಇರಲಿಲ್ಲ. ಕ್ಷಮೆ ಕೇಳಿದೆ.

"ಕ್ಷಮೆ ಆಮೇಲೆ. ನಾಳೆ ಒಂಬತ್ತಕ್ಕೆ ಬನ್ನಿ. ನಿಮ್ಮ ಅಭ್ಯಾಸದ ಎಂಟೂ ಐವತ್ತೈದಕ್ಕಲ್ಲ."

ಹಿಂದೆ ಗಂಡನ ಜೊತೆ ಮೂರು ಬೇಸಿಗೆ ಆ ಹಳ್ಳಿಗಳನ್ನು ಅಕ್ಕ ನಡೆದು ನೋಡಿದ್ದರು. ಈಗ ಕಣ್ಣು ಮುಚ್ಚಿ ಮತ್ತೆ ನಡೆದರು. "ಹೊಳೆ ದಾಟಿ. ಬಲಕ್ಕೆ ಗೋಪುರ ಇಲ್ಲದ ಇಗರ್ಜಿ. ಸಿಕ್ಕಿತಾ? ಮುಂದೆ ಗುಡ್ಡ, ಅಲ್ಲಿ ನನ್ನ ಗಂಡನಿಗೆ ನಾಯಿ ಕಚ್ಚಿದ್ದು." ಅವರು ಊರಿನ ಹೆಸರು ಹೇಳಿದಂತೆ ನಾನು ಕಾರ್ಡು ಹುಡುಕಿ ಇಡುತ್ತಿದ್ದೆ. ಏಳು ವಾರ ಹೀಗೇ ನಡೆಯಿತು. ಬೈಗುಳ ಒಂದೂ ಬರಲಿಲ್ಲ. ಬೇರೆಯವರ ಕ್ರಮವನ್ನು ಮುಟ್ಟುವ ಮೊದಲು ಕೇಳಬೇಕೆಂದು ನಾನು ಕಲಿತದ್ದು ಆ ಮೇಜಿನ ಮುಂದೆ, ಅರವತ್ತಾರನೆಯ ವಯಸ್ಸಿನಲ್ಲಿ. ಪುಸ್ತಕ ಬಂದ ಮರುವರ್ಷ ಅಕ್ಕ ತೀರಿಕೊಂಡರು. ಅದನ್ನು ಓದಲಾಗದಿದ್ದರೂ ಅಷ್ಟೂ ದಿನ ದಿಂಬಿನ ಪಕ್ಕ ಇಟ್ಟುಕೊಂಡಿದ್ದರು.

ಮಾರ್ಚಿನ ಆ ಸೋಮವಾರ ಅಕ್ಕನ ಕೈಯಲ್ಲಿದ್ದದ್ದು ಕೊನೆಯ ಕಾರ್ಡು. ಅದು ಯಾವ ದಾರಿಗೂ ಸೇರುತ್ತಿರಲಿಲ್ಲ. ಹಿಂದೆಯೂ ಅಂದಾಜಿನ ಮೇಲೆ ಎಲ್ಲೋ ಇಟ್ಟಿದ್ದರಂತೆ.

"ಅಕ್ಕ, ಇಲ್ಲಿಗೆ ಪಾದ್ರಿ ಕಳಿಸ್ತಿದ್ದದ್ದು ಎರಡನೇ ಪೆಟ್ಟಿಗೆಯ ಮಠದವರೇ" ಎಂದೆ. ಏಳು ವಾರ ಓದಿ ಹೆಸರುಗಳು ನನಗೂ ಬಾಯಿಗೆ ಬಂದಿದ್ದವು.

ಅಕ್ಕ ನಕ್ಕರು. "ಬೆಲೆ ಕಟ್ಟುವ ಆ ಸೋಮಾರಿ ಈ ಊರಿಗೆ ಹೋಗಲೇ ಇಲ್ಲ. ಮಠದಲ್ಲಿ ಬಿಸಿ ಊಟ ಸಿಕ್ಕಿರಬೇಕು, ಅಲ್ಲೇ ಕೂತು ಬರೆದುಕೊಂಡಿದ್ದಾನೆ. ಆ ಮಠದ ಊರಿನ ಕಾರ್ಡಿನ ಹಿಂದೆ ಇಡಿ. ಇನ್ನು ಎಲ್ಲದಕ್ಕೂ ನಂಬರ್ ಹಾಕಿ. ಇಷ್ಟು ವರ್ಷ ಹಾಕದ್ದು ನನ್ನ ತಪ್ಪು."

"ಪೆನ್ಸಿಲಲ್ಲಿ ಹಾಕ್ಲಾ?"

"ಶಾಯಿಯಲ್ಲೇ ಹಾಕಿ."

ಸಂಜೆ ನಾಲ್ಕಕ್ಕೆ ಆರನೆಯ ಪೆಟ್ಟಿಗೆಯ ಕೊನೆಯ ಕಾರ್ಡಿಗೆ ಸಂಖ್ಯೆ ಬರೆದು, ಶಾಯಿ ಒಣಗಿದ ಮೇಲೆ ಮುಚ್ಚಳ ಹಾಕಿದೆ.