ಮಾಫಿಯಿಲ್ಲದ ಪಾಠ

ನಮ್ಮದು ಸಿರುಗುಪ್ಪದಲ್ಲಿ ಗಾದಿ ಹೊಲಿಯುವ ಮನೆತನ. ಮನೆಯಲ್ಲಿ ಮಾತು ಕನ್ನಡ, ನಮಾಜು ಅರಬ್ಬಿ, ಜಗಳ ಬಂದರೆ ತೆಲುಗು. ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲವಾದ್ದರಿಂದ ಮೂರೂ ಅವಳಿಗೆ ಒಂದೇ. ಬಳ್ಳಾರಿಯಿಂದ ಮಷೀನು ತಂದು ಕಿವಿಗೆ ಹಾಕಿದ ಮೇಲೆ ಲಾರಿಯ ಹಾರ್ನು ಮತ್ತು ನನ್ನ ಅತ್ತೆ, ಇವೆರಡು ಮಾತ್ರ ಕೇಳಿಸತೊಡಗಿದವು.

ನಮ್ಮ ಓಣಿಯ ಮಕ್ಕಳು ಬೆಳಿಗ್ಗೆ ಮಸೀದಿಗೆ ಅರಬ್ಬಿ ಕಲಿಯಲು ಹೋಗುತ್ತಾರೆ. ಮೊದಲ ಪುಸ್ತಕಕ್ಕೆ ಕಾಯ್ದಾ ಅನ್ನುತ್ತೇವೆ. ಪಾಠವನ್ನು ಗಟ್ಟಿಯಾಗಿ ಬಾಯಿಬಿಟ್ಟು ಒಪ್ಪಿಸಬೇಕು. ತಪ್ಪಿಲ್ಲದಿದ್ದರೆ ಮುಂದಿನ ಪಾಠ. ಕಾಯ್ದಾ ಮುಗಿದ ದಿನ ಆ ಮನೆಯವರು ಓಣಿಗೆಲ್ಲ ಬೂಂದಿ ಹಂಚುತ್ತಾರೆ. ತಟ್ಟೆ ಹಿಡಿದು ಮನೆಮನೆಗೆ ಹೋಗುವುದು ಕಲಿತ ಮಗುವೇ. ನನ್ನ ಮಗಳು ಎಲ್ಲರ ಬೂಂದಿ ತಿಂದಿದ್ದಳು, ತಟ್ಟೆ ಹಿಡಿದಿರಲಿಲ್ಲ.

ಅವಳನ್ನು ಕರೆದುಕೊಂಡು ಹೋದಾಗ ಮಸೀದಿಯ ಹಜರತರು ಬಹಳ ಮೆತ್ತಗೆ ಮಾತಾಡಿದರು. ಇವಳಿಗೆ ಓದು ಮಾಫ್, ಮೇಲಿನವನೇ ಮಾಫ್ ಮಾಡಿದ್ದಾನೆ, ಈಕೆ ಸೀದಾ ಜನ್ನತ್ತಿಗೆ ಹೋಗುವ ಹುಡುಗಿ ಅಂದರು. ನನಗೆ ಮೈಯೆಲ್ಲ ಉರಿಯಿತು. ಶಾಲೆಯಲ್ಲಿ ಅವಳಿಗೆ ಹಾಡು ಮಾಫ್, ಕುರುಗೋಡಿನ ನನ್ನ ತವರಿನಲ್ಲಿ ಮಾತೇ ಮಾಫ್. ಮುಸುರೆ ತಿಕ್ಕುವುದನ್ನು ಮಾತ್ರ ಯಾರೂ ಮಾಫ್ ಮಾಡಿರಲಿಲ್ಲ.

"ಜನ್ನತ್ತಿಗೆ ಆಮ್ಯಾಲ ಹೋಗ್ತಾಳ್ರಿ ಹಜರತ್. ಈಗ ಮಕ್ಕಳ ಸಾಲಿನ್ಯಾಗ ಕುಂದರಸ್ರಿ" ಅಂದೆ.

ಅವರು ಗಡ್ಡ ಸವರಿಕೊಂಡು, ತನ್ನ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಅರಬ್ಬಿ ಕಲಿಸುವ ಆಪಾ ಹತ್ತಿರ ಕಳಿಸಿದರು. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದೀಯ ಎಂದು ಅತ್ತೆ ಬೈದರು. ಆಪಾಗೆ ಮೆತ್ತಗೆ ಮಾತಾಡುವುದು ಬರುವುದಿಲ್ಲ. ಉಳಿದವರು ಬಾಯಲ್ಲಿ ಒಪ್ಪಿಸಲಿ, ಇವಳು ಪಾಟಿಯ ಮೇಲೆ ಬರೆದು ಒಪ್ಪಿಸಲಿ ಅಂದರು. ಅಷ್ಟೇ. ಇದಕ್ಕೆ ಇಷ್ಟು ವರ್ಷ ಬೇಕಾಯಿತು.

ಆದರೂ ನನಗೆ ಒಳಗೊಳಗೇ ಹೆದರಿಕೆಯಿತ್ತು. ಆಪಾ ಕೂಡ ಪಾಪ ಎಂದು ತಪ್ಪು ನೋಡದೆ ಪಾಸು ಮಾಡಿಬಿಟ್ಟರೆ ಅದೂ ಒಂದು ಮಾಫಿಯೇ. ಮೊದಲ ಪಾಠ ಒಪ್ಪಿಸುವ ದಿನ ಕೆಲಸ ಬಿಟ್ಟು ಅವರ ಬಾಗಿಲಲ್ಲೇ ನಿಂತೆ.

ಅರಬ್ಬಿಯಲ್ಲಿ ಒಂದೇ ಆಕಾರದ ಅಕ್ಷರ, ಚುಕ್ಕೆ ಕೆಳಗಿದ್ದರೆ ಒಂದಾಗುತ್ತದೆ, ಮೇಲಿದ್ದರೆ ಇನ್ನೊಂದಾಗುತ್ತದೆ. ಕೆಲವಕ್ಕೆ ಚುಕ್ಕೆಯೇ ಇಲ್ಲ. ನಾವೋ, ಹತ್ತಿ ಸರಿಯಬಾರದೆಂದು ಗಾದಿಯ ಮೇಲೆ ಸಮ ಅಂತರದಲ್ಲಿ ದಾರದ ಗಂಟು ಹಾಕುವವರು. ಅದನ್ನೇ ನೋಡಿ ಬೆಳೆದ ನನ್ನ ಮಗಳು ಪಾಟಿಯ ತುಂಬ, ಬೇಕಾದ ಅಕ್ಷರಕ್ಕೂ ಬೇಡದ ಅಕ್ಷರಕ್ಕೂ, ಅಳತೆ ತಪ್ಪದೆ ಚುಕ್ಕೆ ಇಟ್ಟಿದ್ದಳು. ನೋಡಲು ಬಹಳ ಚೆಂದವಿತ್ತು.

ಆಪಾ ಪಾಟಿ ನೋಡಿದರು. ಅವಳ ಮುಖ ನೋಡಿದರು. ಅಂಗೈಯಿಂದ ಎಲ್ಲವನ್ನೂ ಅಳಿಸಿ, ಅವಳಿಗೆ ಕಾಣುವಂತೆ ತುಟಿ ಅಗಲಿಸಿ ಹೇಳಿದರು.

"ಇದು ಗಾದಿ ಅಲ್ಲ. ಪಾಠ ಕಚ್ಚಾ ಐತಿ. ನಾಳಿ ಮತ್ತ ಬರಕೊಂಡು ಬಾ."

ಆವತ್ತು ಇನ್ನೊಬ್ಬ ಹುಡುಗಿಯ ಪಾಠವೂ ಕಚ್ಚಾ ಆಗಿತ್ತು. ಇಬ್ಬರೂ ಒಂದೇ ಗೋಡೆಗೆ ಒರಗಿ ಮುಖ ಊದಿಸಿಕೊಂಡು ಕೂತರು. ನನ್ನ ಮಗಳು ದಾರಿಯುದ್ದಕ್ಕೂ ಅತ್ತಳು. ನನಗೆ ಹೊಟ್ಟೆ ತಣ್ಣಗಾಗಿತ್ತು. ಬರುವಾಗ ಬೂಂದಿ ಕೊಂಡು ತಂದೆ.

ಬೂಂದಿ ಕಂಡ ಅತ್ತೆ, ಪಾಸಾದಳೇನು ಎಂದು ಕೇಳಿದರು.

"ಇಲ್ಲತ್ತಿ, ನಾಪಾಸಾದ್ಲು" ಅಂದೆ. ಮಗಳ ಮುಖ ಒರೆಸಿ, ಕೈಗೆ ತಟ್ಟೆ ಕೊಟ್ಟು ಓಣಿಗೆ ಕಳಿಸಿದೆ.