ಚಾಪೆ ಹಾಸುತ್ತಿದ್ದ ಅಜ್ಜಿ

ಜರ್ಮನಿಯ ಯುದ್ಧವೇ ಮುಗಿದರೂ ನಾನು ಅಣ್ಣನ ಕ್ಷಮೆ ಕೇಳಲಿಲ್ಲ. ತಮಿಳು ಹೆಣ್ಣನ್ನು ಮದುವೆಯಾದನೆಂದು ನಾನು ಮಾತು ಬಿಟ್ಟಿದ್ದ ಅವನು, ದೊಡ್ಡಬಳ್ಳಾಪುರದ ನಮ್ಮ ಚರ್ಚಿನಲ್ಲಿ ತಮಿಳಿನವರ ಕಡೆ ಕೂತು ಹಾಡುತ್ತಿದ್ದ. ಅವನ ದನಿ ಅಡಗಿಸಲು ನಾನು ಕನ್ನಡದಲ್ಲಿ ಕಿರುಚುತ್ತಿದ್ದೆ. ಕೈಯಲ್ಲಿದ್ದ ಹಾಡಿನ ಪುಸ್ತಕ ತಲೆಕೆಳಗಾಗಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಚರ್ಚು ಗುಡಿಸುವ ಅಜ್ಜಿ ಎರಡೂ ಕಡೆಯವರಿಗೆ, "ಒಸಿ ಸರ್ಕೊಳ್ರಪ್ಪಾ" ಎನ್ನುತ್ತ ಪೊರಕೆಯಲ್ಲೇ ಜಾಗ ತೋರಿಸುತ್ತಿದ್ದಳು. ಒಂದು ಭಾನುವಾರ ಚಾಪೆಗಳನ್ನೆಲ್ಲ ತೊಳೆದು ಒಣಹಾಕಿ, ನಡುವೆ ಒಂದನ್ನೇ ಹಾಸಿದ್ದಳು.

"ಇವತ್ತೇ ತೊಳೀಬೇಕಿತ್ತಾ ಅಜ್ಜೀ?" ಎಂದೆ.

"ನಾಳೆ ಮೋಡ ಆದ್ರೆ? ಒಸಿ ಸರ್ಕೊಳಪ್ಪಾ."

ನಾನು ಅದೇ ಚಾಪೆಯಲ್ಲಿ ಅಣ್ಣನಿಗೆ ಬೆನ್ನು ಹಾಕಿ ಕೂತು, ಆರಾಧನೆ ಮುಗಿಯುವವರೆಗೂ ಗೋಡೆಯ ಹಲ್ಲಿಗೆ ಕೈಮುಗಿದೆ.

ಅಜ್ಜಿಯನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಚಾಪೆ ಹಾಸುವವರಿರಲಿಲ್ಲ. ಅಣ್ಣನೇ ಒಂದನ್ನು ನಡುವೆ ಹಾಸಿ, ಒಬ್ಬನೇ ಕೂತ. ನಾನು ಎದ್ದು ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದೆ:

"ತಪ್ಪು ನಂದೇ ಕಣಣ್ಣಾ. ಒಸಿ ಸರ್ಕೊ."